ಮಂಗಳೂರಿನಲ್ಲಿದ್ದುಕೊಂಡು ಕಲಾ ಇತಿಹಾಸ ಕಲಿಯಲು ಎಲ್ಲಿಂದ ಆರಂಭಿಸಬೇಕು?

ನೀವು ಕೇಳಿರುವುದು ಇಷ್ಟು: ಮಂಗಳೂರಿನಲ್ಲಿ ಕೆಲಸದಲ್ಲಿದ್ದೀರಿ, ಚಿತ್ರಕಲೆ ಓದಿದವರಲ್ಲ. ಗೋಥಿಕ್, ರೆನೆಸಾನ್ಸ್, ಬರೋಕ್, ಇಂಪ್ರೆಷನಿಸಂ ಎಂಬ ಪಟ್ಟಿಯನ್ನು ಎಷ್ಟು ಓದಿದರೂ ತಲೆಯಲ್ಲಿ ನಿಲ್ಲುತ್ತಿಲ್ಲ. ಏನು ಮಾಡಬೇಕು?

ಉಡುಪಿಯಲ್ಲಿ ಮಕ್ಕಳಿಗೆ ಚಿತ್ರಕಲೆ ಕಲಿಸುವವನಾಗಿ ನನ್ನ ಸಲಹೆ: ಪಟ್ಟಿಯನ್ನು ಸದ್ಯಕ್ಕೆ ಬದಿಗಿಡಿ. ನಮ್ಮ ಕರಾವಳಿಯಲ್ಲೇ ಇಸವಿ ಖಚಿತವಾಗಿ ತಿಳಿದಿರುವ ಕೆಲವು ಕೃತಿಗಳಿವೆ. ಅವು ಗೋಡೆಗೆ ಹೊಡೆದ ಮೊಳೆಗಳಿದ್ದಂತೆ. ಯುರೋಪಿನ ಕಾಲಘಟ್ಟಗಳನ್ನು ಒಂದೊಂದಾಗಿ ಅವಕ್ಕೆ ನೇತುಹಾಕುತ್ತಾ ಹೋಗಿ.

ಮೊದಲನೆಯದು ಕದ್ರಿಯಲ್ಲಿದೆ. ಮಂಜುನಾಥ ದೇವಸ್ಥಾನದ ಲೋಕೇಶ್ವರನ ಕಂಚಿನ ವಿಗ್ರಹ ಆಳುಪ ದೊರೆ ಕುಂದವರ್ಮನ ಕಾಲದ್ದು, ಕ್ರಿ.ಶ. 968ರದ್ದು. ಮೂರು ಮುಖ, ಆರು ಕೈಗಳಿದ್ದರೂ ಕುಳಿತ ಭಂಗಿಯಲ್ಲಿ ಎಲ್ಲಿಯೂ ಗಜಿಬಿಜಿಯಿಲ್ಲ. ಅದೇ ಹೊತ್ತಿಗೆ, ಸುಮಾರು 970ರಲ್ಲಿ, ಜರ್ಮನಿಯ ಕಲೋನ್ ನಗರದಲ್ಲಿ ಗೆರೊ ಶಿಲುಬೆಯನ್ನು ಮರದಲ್ಲಿ ಕೆತ್ತಿದರು. ಅದರಲ್ಲಿರುವುದು ತಲೆ ಬಾಗಿದ, ತನ್ನದೇ ಭಾರಕ್ಕೆ ಜೋತುಬಿದ್ದ, ಪ್ರಾಣ ಹೋದ ಕ್ರಿಸ್ತ. ಯುರೋಪಿನ ಮಧ್ಯಯುಗ ಎಂದರೆ ಈ ಕಾಲ. ರೋಮನೆಸ್ಕ್ ಮತ್ತು ಗೋಥಿಕ್ ಶೈಲಿಗಳು ಇದರ ನಂತರ ಬರುತ್ತವೆ.

ಎರಡನೆಯದು 1432. ಕಲಾ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ವರ್ಷ. ಕಾರ್ಕಳದ ಬೆಟ್ಟದ ಮೇಲೆ ವೀರಪಾಂಡ್ಯ ಭೈರರಸ ಸುಮಾರು 42 ಅಡಿಯ ಗೊಮ್ಮಟನನ್ನು ನಿಲ್ಲಿಸಿದ್ದು ಆ ವರ್ಷ. ಇಂದಿನ ಬೆಲ್ಜಿಯಂನ ಗೆಂಟ್ ನಗರದಲ್ಲಿ ಯಾನ್ ವಾನ್ ಐಕ್ ತನ್ನ ದೊಡ್ಡ ಪೂಜಾವೇದಿಕೆಯ ಚಿತ್ರಗಳನ್ನು ಪೂರೈಸಿದ್ದೂ ಅದೇ ವರ್ಷ. ಅದರ ಒಂದು ಫಲಕದಲ್ಲಿ ಆದಾಮನಿದ್ದಾನೆ. ಅವನೂ ಗೊಮ್ಮಟನಂತೆಯೇ ಬೆತ್ತಲೆ. ಆದರೆ ಆ ಆದಾಮನ ಕೈಗಳು ಬಿಸಿಲಿಗೆ ಕೆಂಪಾಗಿವೆ, ಮೈ ಬಿಳಿಚಿಕೊಂಡಿದೆ, ಕಾಲಿನ ರೋಮಗಳೂ ಕಾಣುತ್ತವೆ, ಮುಂದಿಟ್ಟ ಪಾದದ ಅಡಿಭಾಗ ನೋಡುವವರ ಕಡೆಗೆ ಚಾಚಿದೆ. ಎಣ್ಣೆಯಲ್ಲಿ ಕಲಸಿದ ಬಣ್ಣವನ್ನು ಪಾರದರ್ಶಕ ಪದರಗಳಾಗಿ ಒಂದರ ಮೇಲೊಂದು ಹಚ್ಚಿದ್ದರಿಂದ ಇಷ್ಟು ಸೂಕ್ಷ್ಮ ಸಾಧ್ಯವಾಯಿತು. ಗೊಮ್ಮಟನಲ್ಲಿ ಇದಾವುದೂ ಇಲ್ಲ. ನರಗಳಿಲ್ಲ, ದಣಿವಿಲ್ಲ, ಬಳ್ಳಿ ತೊಡೆ ತೋಳುಗಳನ್ನು ಸುತ್ತಿದ್ದರೂ ಮೈ ಅಲುಗಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕಾರ್ಕಳದ ಶಿಲ್ಪಿಗೆ ರೋಮ, ಸ್ನಾಯು ಕೆತ್ತಲು ಬರುತ್ತಿರಲಿಲ್ಲ ಎಂದು ದಯವಿಟ್ಟು ತಿಳಿಯಬೇಡಿ. ದೇಹವನ್ನು ತೊರೆದು ನಿಂತವನನ್ನು ತೋರಿಸುವುದು ಅವನ ಕೆಲಸವಾಗಿತ್ತು. ವಾನ್ ಐಕ್‌ಗೆ ಬೇಕಿದ್ದುದು ಮಣ್ಣಿನಿಂದ ಹುಟ್ಟಿ ತಪ್ಪು ಮಾಡಿದ ಮೊದಲ ಮನುಷ್ಯ. ಶೈಲಿಯನ್ನು ನೋಡುವಾಗ ಕಲಾವಿದ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದ ಎಂದು ಕೇಳಿ. ಹೆಸರು ತಾನಾಗಿ ನೆನಪಿನಲ್ಲಿ ಉಳಿಯುತ್ತದೆ. ಫ್ಲಾರೆನ್ಸ್‌ನಲ್ಲಿ ಸುಮಾರು 1427ರಲ್ಲಿ ಮಸಾಚೊ ಬರೆದ ಗೋಡೆಚಿತ್ರ ‘ತ್ರಿತ್ವ’ದ ಪ್ರಶ್ನೆ ಬೇರೆ: ಚಪ್ಪಟೆ ಗೋಡೆಯೊಳಗೆ ಆಳವಾದ ಕೋಣೆಯೊಂದು ಇರುವಂತೆ ಗಣಿತದ ಲೆಕ್ಕದಲ್ಲಿ ತೋರಿಸುವುದು ಹೇಗೆ? ರೆನೆಸಾನ್ಸ್‌ನ ತಿರುಳು ಅಲ್ಲಿದೆ.

ಮುಂದಿನದು ವೇಣೂರು, 1604. ಅಲ್ಲಿನ ಗೊಮ್ಮಟ ಸುಮಾರು 35 ಅಡಿ, ಕಾರ್ಕಳದ ನಿಲುವನ್ನೇ ನಿಷ್ಠೆಯಿಂದ ಉಳಿಸಿಕೊಂಡವನು. ನಡುವಿನ 172 ವರ್ಷಗಳಲ್ಲಿ ಯುರೋಪು ಲಿಯೊನಾರ್ಡೊನನ್ನು, 1508ರಿಂದ 1512ರವರೆಗೆ ರೋಮಿನ ಸಿಸ್ಟೀನ್ ಚಾಪೆಲ್‌ನ ಚಾವಣಿಗೆ ಬಣ್ಣ ಹಚ್ಚಿದ ಮೈಕೆಲಾಂಜೆಲೊನನ್ನು ದಾಟಿ ಇಟಲಿಯ ಚಿತ್ರಕಾರ ಕರವಾಜ್ಜೊನ ಬಳಿಗೆ ಬಂದಿತ್ತು. ಕತ್ತಲೆಯ ಕೋಣೆ, ಪಕ್ಕದಿಂದ ಬೀಳುವ ಒಂದೇ ಬೆಳಕು, ಅದರಲ್ಲಿ ಬೆಚ್ಚಿದ ಮುಖಗಳು. ಬರೋಕ್‌ನ ಆರಂಭ ಅದು.

ನಾಲ್ಕನೆಯದು ಲೈಟ್‌ಹೌಸ್ ಹಿಲ್‌ನ ಸೇಂಟ್ ಅಲೋಶಿಯಸ್ ಚಾಪೆಲ್. ನಿಮ್ಮ ಮನೆಗೆ ಇದೇ ಹತ್ತಿರವಿರಬಹುದು. 1900ರ ಆಸುಪಾಸಿನಲ್ಲಿ ಇಟಲಿಯ ಬೆರ್ಗಾಮೊ ಕಡೆಯ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಸ್ಕೆನಿ ಇಲ್ಲಿ ಚಿತ್ರ ಬರೆದರು. ಫ್ರೆಸ್ಕೊ ಮತ್ತು ಕ್ಯಾನ್ವಾಸಿನ ತೈಲಚಿತ್ರ ಎರಡೂ ಇಲ್ಲಿವೆ. ಫ್ರೆಸ್ಕೊದಲ್ಲಿ ನೀರಿನಲ್ಲಿ ಕಲಸಿದ ಬಣ್ಣವನ್ನು ಸುಣ್ಣದ ಗಾರೆ ಹಸಿಯಿರುವಾಗಲೇ ಹಚ್ಚಬೇಕು. ಸುಣ್ಣವು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಲ್ಲಾಗುವಾಗ ಬಣ್ಣವೂ ಅದರೊಳಗೆ ಸೆರೆಯಾಗುತ್ತದೆ. ಆದ್ದರಿಂದ ಅಂದಿನ ಗಾರೆಯ ಕೆಲಸ ಅಂದೇ ಮುಗಿಯಬೇಕು. ನಮ್ಮ ಕರಾವಳಿಯ ಕಾವಿ ಕಲೆಗೂ ಇದೇ ಹಸಿ ಸುಣ್ಣವೇ ಆಧಾರ. ಆದರೆ ಅಲ್ಲಿ ಕೆಂಪು ಪದರವನ್ನು ಕೆರೆದು ಒಳಗಿನ ಬಿಳಿಯನ್ನು ಹೊರಗೆ ತರುತ್ತಾರೆ.

ಮೊಸ್ಕೆನಿಯ ಹಿಂದೆ ಒಂದು ದೊಡ್ಡ ಪರಂಪರೆಯಿದೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಆಂಡ್ರಿಯಾ ಪೊಜ್ಜೊ ಎಂಬ ಇನ್ನೊಬ್ಬ ಜೆಸ್ವಿಟ್ ಸಹೋದರ ರೋಮಿನ ಸಂತ ಇಗ್ನೇಷಿಯಸ್ ಚರ್ಚಿನ ಚಾವಣಿ ಆಕಾಶಕ್ಕೆ ತೆರೆದುಕೊಂಡಿದೆ ಎಂದು ಕಣ್ಣು ನಂಬುವಂತೆ ಬರೆದಿದ್ದ. ಮಂಗಳೂರಿನಲ್ಲಿ ಆ ಪರಂಪರೆಯ ಕೆಲಸ ನಡೆಯುತ್ತಿದ್ದಾಗ ಫ್ರಾನ್ಸಿನಲ್ಲಿ ಚಿತ್ರಕಾರ ಸೆಜಾನ್ ಒಂದೇ ಬೆಟ್ಟವನ್ನು ಮತ್ತೆ ಮತ್ತೆ ಬರೆಯುತ್ತಾ, ರೆನೆಸಾನ್ಸ್ ಕಟ್ಟಿಕೊಟ್ಟ ಆಳದ ಲೆಕ್ಕವನ್ನೇ ಸಡಿಲಿಸುತ್ತಿದ್ದ. ಇಂಪ್ರೆಷನಿಸ್ಟರು ಎನಿಸಿಕೊಂಡ ಮೋನೆ ಮತ್ತು ಗೆಳೆಯರ ಮೊದಲ ಪ್ರದರ್ಶನ 1874ರಲ್ಲೇ ಆಗಿಹೋಗಿತ್ತು. ಒಂದೇ ವರ್ಷದಲ್ಲಿ ಎರಡು ಯುಗಗಳು ಹೀಗೆ ಜೀವಂತವಾಗಿರುತ್ತವೆ. ಕಾಲಘಟ್ಟಗಳನ್ನು ಅಚ್ಚುಕಟ್ಟಾದ ಡಬ್ಬಗಳಂತೆ ತೋರಿಸುವ ಪುಸ್ತಕಗಳ ಮೇಲೆ ನನಗೆ ತಕರಾರಿರುವುದು ಇದೇ ಕಾರಣಕ್ಕೆ.

ಕೊನೆಯದು ಉಡುಪಿ ಬಳಿಯ ಕಟ್ಟಿಂಗೇರಿ. ಕೆ.ಕೆ. ಹೆಬ್ಬಾರರು ಅಲ್ಲಿ ಹುಟ್ಟಿದ್ದು 1911ರಲ್ಲಿ. ಪಿಕಾಸೊ ಮತ್ತು ಬ್ರಾಕ್ ಕ್ಯೂಬಿಸಂನಲ್ಲಿ, ಅಂದರೆ ವಸ್ತುವನ್ನು ಕೋನಾಕಾರದ ತುಂಡುಗಳಾಗಿ ಒಡೆದು ಹಲವು ಕಡೆಗಳಿಂದ ಒಮ್ಮೆಗೇ ತೋರಿಸುವ ಶೈಲಿಯಲ್ಲಿ, ಮುಳುಗಿದ್ದ ವರ್ಷ ಅದು. ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಪ್ಯಾರಿಸ್‌ನಲ್ಲೂ ಅಭ್ಯಾಸ ಮಾಡಿದರು. ಆದರೆ ಅವರ ನೃತ್ಯದ ರೇಖಾಚಿತ್ರಗಳನ್ನು ನೋಡಿ: ಎತ್ತದೆ ಓಡುವ ಒಂದೇ ಗೆರೆಯಲ್ಲಿ ಇಡೀ ಹೆಜ್ಜೆ ಇದೆ, ಅದಕ್ಕೆ ಯುರೋಪಿನ ಯಾವ ಹೆಸರೂ ಸರಿಯಾಗಿ ಹೊಂದುವುದಿಲ್ಲ.

ಈ ಐದು ವರ್ಷಗಳು ಮನಸ್ಸಿನಲ್ಲಿ ಕುಳಿತ ಮೇಲೆ 1850ರಿಂದ 1910ರವರೆಗಿನ ಫ್ರಾನ್ಸನ್ನು ಒಂದೇ ಹಿಡಿತದಲ್ಲಿ ಓದಿ: ಕೂರ್ಬೆ, ಮಾನೆ, ಮೋನೆ, ಸೆಜಾನ್, ವಾನ್ ಗೋ, ಪಿಕಾಸೊ, ಇದೇ ಕ್ರಮದಲ್ಲಿ. ರೊಕೊಕೊ, ಮ್ಯಾನರಿಸಂ ಎಂಬ ಉಳಿದ ಶೈಲಿಗಳು ಆಮೇಲೆ ಬರಲಿ. ಚಾಪೆಲ್‌ಗೆ ಮಾತ್ರ ಈ ವಾರವೇ ಹೋಗಿ ಬನ್ನಿ, ಕಣ್ಣಿಗೆ ಕಂಡದ್ದನ್ನು ಇಲ್ಲಿ ಬರೆಯಿರಿ, ಅಲ್ಲಿಂದ ಮುಂದುವರಿಸೋಣ.