ಹೆಂಡ್ರಾ ತಗುಲುವುದು ಕುದುರೆಯಿಂದ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಕುದುರೆ ಲಾಯದಲ್ಲಿ ಕೆಲಸಕ್ಕೆ ಸೇರಿರುವ ನಿಮ್ಮ ಮಗನಿಗೆ ಅಲ್ಲಿನ ಮರಗಳಲ್ಲಿ ನೇತಾಡುವ ಬಾವಲಿಗಳಿಂದ ಹೆಂಡ್ರಾ ವೈರಸ್ ತಗುಲಬಹುದೇ ಎಂದು ಕೇಳಿದ್ದೀರಿ. 1994ರಲ್ಲಿ ಬ್ರಿಸ್ಬೇನಿನ ಹೆಂಡ್ರಾ ಬಡಾವಣೆಯ ಲಾಯವೊಂದರಲ್ಲಿ ಪತ್ತೆಯಾದ ಈ ಸೋಂಕು ಏಳು ಮಂದಿಗೆ ತಗುಲಿ ನಾಲ್ವರನ್ನು ಬಲಿ ತೆಗೆದುಕೊಂಡಿದೆ. ಆದರೆ ಆ ಏಳೂ ಮಂದಿಗೆ ಅದು ಬಂದದ್ದು ಕಾಯಿಲೆಬಿದ್ದ ಕುದುರೆಗಳ ಆರೈಕೆ ಅಥವಾ ಶವಪರೀಕ್ಷೆಯ ವೇಳೆಯಲ್ಲಿ, ಬಾವಲಿಗಳಿಂದ ನೇರವಾಗಿ ಅಲ್ಲ. ಬಾವಲಿಯ ಮೂತ್ರ ಬಿದ್ದ ಹುಲ್ಲು, ನೀರು ಕುದುರೆಗೆ ಅಪಾಯಕಾರಿಯಾದ್ದರಿಂದ ಮೇವಿನ ತೊಟ್ಟಿ ಮರದಡಿಯಲ್ಲಿ ಇರಲೇಬಾರದು. ಜ್ವರದಿಂದ ಏದುಸಿರು ಬಿಡುತ್ತ ಮೂಗಿನಿಂದ ನೊರೆ ಸುರಿಸುವ ಕುದುರೆಯ ಬಳಿ, ಅದೆಷ್ಟೇ ಅಕ್ಕರೆಯದಾಗಿರಲಿ, ಅವನು ಬರಿಗೈಯಲ್ಲಿ ಹೋಗದೆ ಪಶುವೈದ್ಯರನ್ನು ಕರೆಸಲಿ. ಮನುಷ್ಯರಿಗೆ ಲಸಿಕೆಯಿಲ್ಲ, ಕುದುರೆಗಳಿಗೆ 2012ರಿಂದ ಇದೆ. ಲಾಯದವರು ಅದನ್ನು ಹಾಕಿಸಿದ್ದಾರೆಯೇ ಎಂದು ದಯವಿಟ್ಟು ಇಂದೇ ವಿಚಾರಿಸಲು ಹೇಳಿ.