ಸಂಪಾದಕರ ಉತ್ತರ: ಬೈಗುಳವೇ ಇಲ್ಲದ ಚಿತ್ರದಲ್ಲಿ ವರ್ಣಭೇದ ಎಲ್ಲಿದೆ?

ಶಿವಮೊಗ್ಗದ ಓದುಗರೊಬ್ಬರ ಪತ್ರದ ಸಾರ: “ನಮ್ಮ ಫಿಲ್ಮ್ ಸೊಸೈಟಿಯಲ್ಲಿ ಕ್ಲೇರ್ ದೆನಿ ಅವರ ‘35 ರಮ್’ ತೋರಿಸಿದೆವು. ಫ್ರಾನ್ಸಿನಲ್ಲಿ ನೆಲೆಸಿದ ಕೆರಿಬಿಯನ್ ಜನರ ಬದುಕು, ವರ್ಣಭೇದ ಎಂದೆಲ್ಲ ಕರಪತ್ರದಲ್ಲಿ ಹಾಕಿದ್ದೆವು. ನೋಡಿದವರು ‘ಒಬ್ಬ ರೈಲು ಓಡಿಸ್ತಾನೆ, ಮನೆಗೆ ಬಂದು ಮಗಳ ಜೊತೆ ಅನ್ನ ಉಣ್ತಾನೆ, ಇದರಲ್ಲಿ ವರ್ಣಭೇದ ಎಲ್ಲಿ ಬಂತು?’ ಎಂದು ಕೇಳಿದರು. ನಮಗೆ ಉತ್ತರ ತೋಚಲಿಲ್ಲ. ಇದೇ ವಿಷಯದ ಮೇಲೆ ಮೂರು ಚಿತ್ರಗಳ ಕಾರ್ಯಕ್ರಮ ಮಾಡಬೇಕೆಂದಿದ್ದೇವೆ. ಯಾವುವನ್ನು, ಯಾವ ಕ್ರಮದಲ್ಲಿ ತೋರಿಸೋಣ?”

ಮಾನ್ಯರೇ,

ನಿಮ್ಮ ಪ್ರೇಕ್ಷಕರು ಕೇಳಬೇಕಾದ್ದನ್ನೇ ಕೇಳಿದ್ದಾರೆ. 2008ರ ಆ ಚಿತ್ರದಲ್ಲಿ ಬಣ್ಣ ಎತ್ತಿ ಬೈಯುವ ಜಗಳವಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ನಾಯಕ ಲಯೊನೆಲ್‌ನ ಕೆಲಸದಲ್ಲಿಯೇ ಇದೆ. ಅವನು ರೈಲನ್ನೇ ಏಕೆ ಓಡಿಸುತ್ತಾನೆ?

ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ಮತ್ತು ಗ್ವಾಡೆಲೂಪ್ ದ್ವೀಪಗಳು 1946ರಲ್ಲಿ ವಸಾಹತು ಎಂಬ ಹೆಸರು ಕಳಚಿ ಫ್ರಾನ್ಸಿನದೇ ಜಿಲ್ಲೆಗಳಾದವು. ಅಲ್ಲಿನವರು ಪ್ಯಾರಿಸ್ಸಿಗೆ ಬಂದರೆ ಕಾನೂನಿನ ಲೆಕ್ಕದಲ್ಲಿ ವಲಸಿಗರಲ್ಲ, ಪ್ರಜೆಗಳು. ಕಬ್ಬಿನ ಉದ್ಯಮ ಕುಸಿದು ದ್ವೀಪಗಳಲ್ಲಿ ಕೆಲಸವಿಲ್ಲದೆ ಹೋದಾಗ, 1963ರಲ್ಲಿ ಸರ್ಕಾರವೇ ‘ಬ್ಯುಮಿದೋಮ್’ ಎಂಬ ಕಚೇರಿ ತೆರೆದು ಯುವಜನರನ್ನು ಫ್ರಾನ್ಸಿಗೆ ಸಾಗಿಸತೊಡಗಿತು. 1981ರವರೆಗೆ, ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದವರೂ ಸೇರಿ, ಸುಮಾರು 1,60,000 ಮಂದಿ ಹೀಗೆ ಬಂದರು. ಟಿಕೆಟ್ಟು ಹೋಗುವುದಕ್ಕೆ ಮಾತ್ರ, ಮರಳುವುದಕ್ಕಿಲ್ಲ. ಹುಡುಗಿಯರಲ್ಲಿ ಅನೇಕರನ್ನು ಕ್ರೂಯಿ-ಸ್ಯೂರ್-ಊರ್ಕ್ ಎಂಬಲ್ಲಿನ ಕೇಂದ್ರಕ್ಕೆ ಕಳಿಸಿ ಮನೆಗೆಲಸದ ತರಬೇತಿ ಕೊಟ್ಟರು.

ಮುಂದಿನದು ಗಮನಿಸಬೇಕಾದ್ದು. ಫ್ರಾನ್ಸಿನಲ್ಲಿ ಆಗ ಕಾಯಂ ಸರ್ಕಾರಿ ನೌಕರಿಗೆ ಅಲ್ಲಿನ ಪೌರತ್ವ ಬೇಕಿತ್ತು. ಆಫ್ರಿಕಾದಿಂದ ಬಂದವರಿಗೆ ಮುಚ್ಚಿದ್ದ ಅಂಚೆ, ಆಸ್ಪತ್ರೆ, ಮೆಟ್ರೊ, ರೈಲ್ವೆಗಳ ಬಾಗಿಲು ದ್ವೀಪದವರಿಗೆ ತೆರೆದಿತ್ತು. ಆದರೆ ಹೆಚ್ಚಿನವರಿಗೆ ಸಿಕ್ಕಿದ್ದು ಕೆಳಗಿನ ಮೆಟ್ಟಿಲು ಮಾತ್ರ: ಅಂಚೆ ವಿಂಗಡಿಸುವುದು, ರೋಗಿಗಳ ಮೈ ಒರೆಸುವುದು, ಹಳಿಯ ಮೇಲಿನ ದುಡಿಮೆ. ಬಾಡಿಗೆ ಮನೆ ಹುಡುಕುವಾಗ, ಬೀದಿಯಲ್ಲಿ ಪೊಲೀಸರು ತಡೆದಾಗ ಪೌರತ್ವದ ಕಾಗದ ನೆರವಿಗೆ ಬರುತ್ತಿರಲಿಲ್ಲ. ಕಾಗದದಲ್ಲಿ ಪ್ರಜೆ, ಕಣ್ಣಿಗೆ ಪರದೇಶಿ. ಈ ವಿಷಯದ ಫ್ರೆಂಚ್ ಚಿತ್ರಗಳ ತಿರುಳು ಇದೇ ಎಂದು ನಾವು ತಿಳಿಯುತ್ತೇವೆ.

ಇಷ್ಟು ತಿಳಿದು ‘35 ರಮ್’ ನೋಡಿದರೆ ಲಯೊನೆಲ್‌ನ ಜೊತೆ ದುಡಿದ ರೆನೆಯ ಪಾತ್ರ ಬೇರೆಯೇ ಆಗಿ ಕಾಣುತ್ತದೆ. ನಿವೃತ್ತಿಯ ದಿನ ಸಹೋದ್ಯೋಗಿಗಳು ಅವನಿಗೆ ಔತಣ ಕೊಡುತ್ತಾರೆ, ಎಲ್ಲರೂ ಕುಡಿದು ನಗುತ್ತಾರೆ, ಅವನೊಬ್ಬನ ಮುಖ ಮಾತ್ರ ಬಾಡಿರುತ್ತದೆ. ಕೆಲ ದಿನಗಳಲ್ಲಿ ಅವನ ಹೆಣ ಹಳಿಯ ಮೇಲೆ ಸಿಗುತ್ತದೆ. ಅದನ್ನು ಕಾಣುವವನು ರೈಲು ಓಡಿಸುತ್ತಿರುವ ಲಯೊನೆಲ್. ಈ ದೇಶದಲ್ಲಿ ಒಬ್ಬನಿಗೆ ಜಾಗ ಕೊಟ್ಟದ್ದು ಸಮವಸ್ತ್ರ ಒಂದೇ ಆಗಿದ್ದರೆ, ಅದನ್ನು ಕಳಚಿದ ದಿನ ಅವನು ಯಾರು? ಚಿತ್ರ ಇದನ್ನು ಬಾಯಿಬಿಟ್ಟು ಕೇಳುವುದಿಲ್ಲ. ಮಗಳು ಜೋಸೆಫಿನ್‌ಳ ತರಗತಿಯಲ್ಲಿ ಬಡ ದೇಶಗಳ ಸಾಲದ ಬಗ್ಗೆ ನಡೆಯುವ ಚರ್ಚೆಯನ್ನೂ ನಿಮ್ಮವರು ಪಾಠವೆಂದು ದಾಟಿಸಿರಬಹುದು. ಹೊರಗಿನ ಲೋಕ ಮನೆಯೊಳಕ್ಕೆ ಇಣುಕುವ ಕಿಂಡಿ ಅದು. ಇನ್ನು ಆ ಅನ್ನದ ಕುಕ್ಕರ್: ಅಪ್ಪ ಒಂದು ತರುತ್ತಾನೆ, ಮಗಳೂ ಒಂದು ತಂದಿರುತ್ತಾಳೆ, ಅಪ್ಪನಿಗೆ ಬೇಸರವಾದೀತೆಂದು ತನ್ನದನ್ನು ಬಚ್ಚಿಡುತ್ತಾಳೆ. ಕಪ್ಪು ಕುಟುಂಬವೊಂದರ ಇಷ್ಟು ಮೆತ್ತನೆಯ ಅಕ್ಕರೆಗೆ ಫ್ರೆಂಚ್ ತೆರೆಯ ಮೇಲೆ ಬಹಳ ಕಾಲ ಜಾಗವೇ ಇರಲಿಲ್ಲ.

ಆದ್ದರಿಂದ ಈ ಚಿತ್ರವನ್ನು ಮೊದಲು ತೋರಿಸಿದ್ದೇ ತೊಡಕಾಯಿತು. ಇದು ಕೊನೆಗೆ ಬರಬೇಕು.

ಯೂಝಾನ್ ಪಾಲ್ಸಿ ಅವರ ‘ರ್ಯು ಕಾಝ್-ನೆಗ್ರ್’ (1983) ಇಂದ ಶುರುಮಾಡಿ. 1930ರ ದಶಕದ ಮಾರ್ಟಿನಿಕ್, ಕಬ್ಬಿನ ತೋಟ, ಮೊಮ್ಮಗನನ್ನು ಓದಿಸಲು ಮೈ ಸವೆಸುವ ಅಜ್ಜಿ. ಆ ಅಜ್ಜಿಯ ಪಾತ್ರಕ್ಕೆ ಡಾರ್ಲಿಂಗ್ ಲೆಜಿತಿಮ್ಯುಸ್ ಅವರಿಗೆ ವೆನಿಸ್‌ನಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. ಹುಡುಗ ಬರೆದ ಪ್ರಬಂಧ ಚೆನ್ನಾಗಿದೆ ಎಂಬ ಕಾರಣಕ್ಕೇ ‘ಇದು ಕದ್ದದ್ದು’ ಎಂದು ಮೇಷ್ಟ್ರು ದೂರುವ ದೃಶ್ಯದ ಮೇಲೆ ಚರ್ಚೆ ನಡೆಸಿ. ಹೆಸರಿನ ಅರ್ಥ ಸರಿಸುಮಾರು ‘ಕರಿಯರ ಗುಡಿಸಲುಗಳ ಬೀದಿ’. ಇಂಗ್ಲಿಷಿನವರು ಅದನ್ನು ‘ಶುಗರ್ ಕೇನ್ ಆಲಿ’ ಮಾಡಿ, ಚುಚ್ಚುವ ಪದವನ್ನೇ ತೆಗೆದುಬಿಟ್ಟರು. ನಿಮ್ಮ ಕರಪತ್ರದಲ್ಲಿ ಮೂಲ ಹೆಸರನ್ನೇ ಹಾಕಿ.

ಎರಡನೆಯದು ಮೆದ್ ಹೊಂಡೊ ಅವರ ‘ವೆಸ್ಟ್ ಇಂಡೀಸ್’ (1979). ಹೊಂಡೊ ಮಾರಿಟಾನಿಯಾದವರು, ಆಧಾರ ಮಾರ್ಟಿನಿಕ್‌ನ ಡಾನಿಯೆಲ್ ಬೂಕ್ಮನ್ ಅವರ ನಾಟಕ. ಪ್ಯಾರಿಸ್ಸಿನಲ್ಲಿ ಪಾಳುಬಿದ್ದಿದ್ದ ಸಿಟ್ರೊಯೆನ್ ಕಾರ್ಖಾನೆಯೊಳಗೆ ಒಂದು ದೊಡ್ಡ ಹಡಗು ಕಟ್ಟಿ, ಚಿತ್ರವನ್ನೆಲ್ಲ ಹಾಡು-ಕುಣಿತದಲ್ಲಿ ಅದರ ಮೇಲೆಯೇ ನಡೆಸಿದ್ದಾರೆ. ಗುಲಾಮರನ್ನು ತಂದ ಹಡಗೇ ಮುಂದೆ ವಲಸೆ ಕಚೇರಿಯವರು ಯುವಕರನ್ನು ತುಂಬಿಸುವ ಹಡಗೂ ಆಗುತ್ತದೆ. ಮೇಲಂತಸ್ತಿನಲ್ಲಿ ಆಳುವವರು, ತಳದಲ್ಲಿ ಉಳಿದವರು. ಮುನ್ನೂರು ವರ್ಷ ಹಿಂದೆ ಮುಂದೆ ಜಿಗಿಯುವುದರಿಂದ ಪ್ರೇಕ್ಷಕರು ದಾರಿ ತಪ್ಪುವುದು ಖಂಡಿತ. ಶುರುವಾಗುವ ಮುನ್ನ ಐದು ನಿಮಿಷ ಬ್ಯುಮಿದೋಮ್ ಕಥೆ ಹೇಳಿಬಿಡಿ.

ನಾಲ್ಕನೆಯದಕ್ಕೆ ಅವಕಾಶವಿದ್ದರೆ ದೆನಿ ಅವರದೇ ‘ಸಾಂ ಫೂ ಲಾ ಮೋರ್’ (1990). ಪ್ಯಾರಿಸ್ ಅಂಚಿನ ರಂಜಿಸ್‌ನಲ್ಲಿ, ಹೋಟೆಲೊಂದರ ನೆಲಮಾಳಿಗೆಯಲ್ಲಿ ಕದ್ದು ನಡೆಸುವ ಕೋಳಿ ಅಂಕ. ಕೆರಿಬಿಯನ್ ದ್ವೀಪದ ಜೋಸ್ಲಿನ್ ಹುಂಜಗಳ ಮೈ ನೀವಿ, ತೂಗಿ, ಮಕ್ಕಳಂತೆ ಸಾಕುತ್ತಾನೆ; ಮಾಲೀಕ ಕಾಲಿಗೆ ಉಕ್ಕಿನ ಮುಳ್ಳು ಕಟ್ಟಿಸುತ್ತಾನೆ. ಕರಾವಳಿಯಲ್ಲಿ ಅಂಕ ಕಂಡವರಿಗೆ ಇದರ ಕ್ರೌರ್ಯ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಮೊದಲೇ ಎಚ್ಚರಿಕೆ ಕೊಡಿ.

ಹಾಸ್ಯಚಿತ್ರ ಬೇಕೆನ್ನುವವರಿಗೆ ಲ್ಯೂಸಿಯಾಂ ಜಾನ್-ಬಾತಿಸ್ತ್ ಅವರ ‘ಲಾ ಪ್ರಮಿಯೇರ್ ಎತ್ವಾಲ್’ (2009) ಇದೆ. ಪ್ಯಾರಿಸ್ ಹೊರವಲಯದ ಕುಟುಂಬವೊಂದು ಕಾಸಿಲ್ಲದೆ ಆಲ್ಪ್ಸ್‌ಗೆ ಸ್ಕೀ ಆಡಲು ಹೊರಡುತ್ತದೆ. ಫಿರ್ಮಿನ್ ರಿಶಾರ್ ಅಜ್ಜಿಯಾಗಿ ಸೊಗಸು. ಆದರೆ ಒಂದು ರಜೆಯಲ್ಲಿ ಜನರ ಮನಸ್ಸು ಇಷ್ಟು ಬೇಗ ಕರಗುವುದನ್ನು ನಾವು ನಂಬಲಾರೆವು.

ಚರ್ಚೆಗೆ ಇನ್ನೊಂದು ವಿಷಯ ಸೇರಿಸಿ. ಗ್ವಾಡೆಲೂಪ್‌ನ ನಟ ಗ್ರೆಗ್ ಜೆರ್ಮೆಂ ಫ್ರೆಂಚ್ ಡಬ್ಬಿಂಗ್‌ನಲ್ಲಿ ವಿಲ್ ಸ್ಮಿತ್‌ನ ಕಂಠ. ಹೊಂಡೊ ಅವರು ಎಡ್ಡಿ ಮರ್ಫಿಯ ಕಂಠವಾಗಿದ್ದರು. ಅಮೆರಿಕದ ಕಪ್ಪು ನಾಯಕನಿಗೆ ಇವರ ದನಿ ಬೇಕು, ಫ್ರೆಂಚ್ ಕಥೆಗೆ ಇವರ ಮುಖ ಬೇಡ.

ಪ್ರದರ್ಶನದ ದಿನ ಕೆಡುವುದು ಎರಡು ಕಡೆ. ಮೊದಲನೆಯದು ಬೆಳಕು. ‘35 ರಮ್’ನ ಬಹುಭಾಗ ಸಂಜೆ, ರಾತ್ರಿಯದು. ಕಿಟಕಿಯಿಂದ ಒಂದಿಷ್ಟು ಬೆಳಕು ಬಿದ್ದರೂ ಕಪ್ಪು ಮುಖಗಳು ಕತ್ತಲಲ್ಲಿ ಮುಳುಗಿಹೋಗುತ್ತವೆ. ಪ್ರೊಜೆಕ್ಟರ್‌ನಲ್ಲಿ ‘ಡೈನಾಮಿಕ್’ ಮೋಡ್ ಬೇಡ, ‘ಸಿನಿಮಾ’ ಮೋಡ್ ಇಡಿ; ಕೆಫೆಯಲ್ಲಿ ಕುಣಿಯುವ ದೃಶ್ಯ ಹಾಕಿ, ಲಯೊನೆಲ್‌ನ ಕಣ್ಣು ಕಾಣುವವರೆಗೆ ಬ್ರೈಟ್‌ನೆಸ್ ಏರಿಸಿ.

ಎರಡನೆಯದು ಸಬ್‌ಟೈಟಲ್. ಫ್ರೆಂಚಿನಲ್ಲಿ ನಮ್ಮಂತೆಯೇ ‘ನೀನು’, ‘ನೀವು’ ಎರಡೂ ಇವೆ. ಬಿಳಿಯರು ಅಪರಿಚಿತ ಕಪ್ಪು ಮನುಷ್ಯನನ್ನು ‘ನೀನು’ ಎನ್ನುವುದನ್ನು, ವೈದ್ಯರೂ ಅಂಥ ರೋಗಿಗಳೊಡನೆ ಹರುಕುಮುರುಕು ಭಾಷೆ ಆಡುವುದನ್ನು ಮಾರ್ಟಿನಿಕ್‌ನ ಮನೋವೈದ್ಯ, ಲೇಖಕ ಫ್ರಾಂಜ್ ಫ್ಯಾನನ್ 1952ರಲ್ಲೇ ಬರೆದರು. ಇಂಗ್ಲಿಷಿನಲ್ಲಿ ಎರಡೂ ‘ಯು’ ಆಗಿ ಆ ಅವಮಾನ ಮರೆಯಾಗುತ್ತದೆ. ದ್ವೀಪದ ಕ್ರಿಯೋಲ್ ಮಾತೂ ಫ್ರೆಂಚ್ ಮಾತೂ ಒಂದೇ ಅಕ್ಷರದಲ್ಲಿ ಬರುವುದರಿಂದ, ‘ರ್ಯು ಕಾಝ್-ನೆಗ್ರ್’ನ ಅಜ್ಜಿ ಯಾವಾಗ ಮನೆಮಾತಿಗೆ ಹೊರಳಿದಳು ಎಂಬುದೂ ತಿಳಿಯದು. ನಿಮ್ಮಲ್ಲಿ ಫ್ರೆಂಚ್ ಬಲ್ಲವರಿದ್ದರೆ ಅಂಥ ಸಾಲುಗಳನ್ನು ಮೊದಲೇ ಗುರುತು ಹಾಕಿಸಿ, ಅರ್ಧ ಪುಟದ ಕನ್ನಡ ಟಿಪ್ಪಣಿ ಮಾಡಿ ಹಂಚಿ. ‘ತ್ಯು’ ಎಂದು ಕಿವಿಗೆ ಬಿದ್ದರೆ ‘ನೀನು’, ‘ವೂ’ ಎಂದರೆ ‘ನೀವು’ ಎಂದು ಅದರ ತಲೆಯಲ್ಲೇ ಬರೆದಿರಲಿ. ಪ್ರದರ್ಶನದ ಹಕ್ಕಿನ ಬಗ್ಗೆ ಬೆಂಗಳೂರಿನ ಫ್ರೆಂಚ್ ಭಾಷೆ-ಸಂಸ್ಕೃತಿ ಕೇಂದ್ರವಾದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ವಿಚಾರಿಸಿ.

— ಸಂ.