2030ರ ನಂತರದ ಜಾಗತಿಕ ಅಭಿವೃದ್ಧಿ ಗುರಿಗಳ ಬಗ್ಗೆ ಸ್ಥಳೀಯ ಸೇವಾ ಸಂಸ್ಥೆಗಳು ಏನನ್ನುತ್ತವೆ?

ಗುರಿಗಳ ಬಗ್ಗೆ ಅವುಗಳಿಗೆ ತಕರಾರು ಕಡಿಮೆ, ದುಡ್ಡು ಯಾರ ಕೈಯಲ್ಲಿದೆ ಅನ್ನೋದರ ಬಗ್ಗೆ ಜಾಸ್ತಿ.

2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಿಗೆ 2030 ಗಡುವು. ಅಳೆಯಲು ಸಾಧ್ಯವಾದ ಉಪಗುರಿಗಳಲ್ಲಿ ಸರಿದಾರಿಯಲ್ಲಿರುವುದು ಬರೀ 17% ಅಂತ 2024ರ ವಿಶ್ವಸಂಸ್ಥೆ ವರದಿ ಹೇಳಿತು.

ಹಣ ಹೆಚ್ಚಾಗಿ ದೊಡ್ಡ ಅಂತರರಾಷ್ಟ್ರೀಯ ಸಂಸ್ಥೆಗಳ ಮೂಲಕ ಇಳಿದು ಬರುತ್ತದೆ. ಸಣ್ಣ ಸಂಸ್ಥೆಗೆ ಸಿಗೋದು ವರ್ಷ, ಎರಡು ವರ್ಷದ ಯೋಜನೆ. ಕೊಳವೆಬಾವಿ ಕೊರೆಯಲು ದುಡ್ಡಿರುತ್ತದೆ, ಆಮೇಲೆ ಪಂಪ್ ಕೆಟ್ಟರೆ ರಿಪೇರಿಗೆ ಇರುವುದಿಲ್ಲ. ವರದಿಯಲ್ಲಿ ಮಾತ್ರ 'ನೀರು ತಲುಪಿದೆ' ಅಂತಲೇ ಇರುತ್ತದೆ! ತುರ್ತು ನೆರವಿನ 25% ಸ್ಥಳೀಯರಿಗೆ ಕೊಡುತ್ತೇವೆ ಅಂತ 2016ರಲ್ಲಿ ದೊಡ್ಡ ದಾನಿಗಳು ಮಾತು ಕೊಟ್ಟಿದ್ದರು. ಅದರ ಹತ್ತಿರಕ್ಕೂ ಬಂದಿಲ್ಲ.

ಹಾಗಾಗಿ ಸ್ಥಳೀಯ ಸೇವಾ ಸಂಸ್ಥೆಗಳ ಬೇಡಿಕೆ ಸರಳ: ಹಲವು ವರ್ಷ ನಿಲ್ಲುವ ಹಣ, ಕಡಿಮೆ ಕಾಗದಪತ್ರ, ಗುರಿ ಬರೆಯುವಾಗಲೇ ಒಂದು ಕುರ್ಚಿ. ಮುಂದಿನ ಹಾದಿಯ ಬಗ್ಗೆ ವಿಶ್ವಸಂಸ್ಥೆಯಲ್ಲಿ 2027ರಲ್ಲಿ ಚರ್ಚೆ ಅಂತ ನಿಗದಿಯಾಗಿದೆ.